ಮುಯ್ಯಾಳಿಗೆ ಹೋದ ಕೈ

ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಸ್ಟುಡಿಯೊ ಇತ್ತು. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಮನೆಯವರೆಲ್ಲ ಸೇರಿ ಇನ್ನು ಸಾಕು ಮಾಡು ಅಂದರು. ನಾನೂ ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಆದರೂ ಜನ ಬಿಡುವುದಿಲ್ಲ. ಹೊಸದಾಗಿ ಕ್ಯಾಮೆರಾ ಕೊಂಡವರು ಮನೆಗೆ ಬಂದು, ನನ್ನ ಹೆಂಡತಿ ಮಾಡಿದ ಚಹಾ ಕುಡಿದು, ಕೇಳುವುದು ಒಂದೇ ಮಾತು: ಇಮಾಮ ಮಾಮಾ, ಮದುವೆಯ ಆರ್ಡರ್ ಹಿಡಿಯುವುದು ಹೇಗೆ? ಮದುವೆಯದ್ದು ನನ್ನನ್ನು ಕೇಳಲೇಬೇಡಿ. ಅದಕ್ಕೆ ಬೇಕಾದದ್ದು ಗಟ್ಟಿ ಮೊಣಕೈ, ಮತ್ತು ಕೊನೆಯ ಪಂಕ್ತಿಯವರೆಗೆ ಹಸಿವು ತಡೆಯುವ ಹೊಟ್ಟೆ. ಅವೆರಡಿದ್ದರೆ ಗುರುವಿನ ಗರಜಿಲ್ಲ.

ನಾನು ಬರೆಯಹೊರಟದ್ದು ಅಂಗಡಿಗಳ ಫೋಟೋ ಬಗ್ಗೆ. ದೊಡ್ಡ ಶೋರೂಮಿನದ್ದಲ್ಲ. ಬಳೆ ಅಂಗಡಿ, ಕಟಿಂಗ್ ಅಂಗಡಿ, ಖಾನಾವಳಿ, ಬ್ಲೌಸ್ ಹೊಲಿಯುವವರು, ರೊಟ್ಟಿ ಬಡಿದು ಮಾರುವ ಹೆಂಗಸರು, ಇವರದ್ದು. ಮೊದಲು ಇವರ ಬಳಿ ಫೋಟೋದ ಮಾತು ತೆಗೆದರೆ, ಅಂಗಡಿಯೇ ಎದುರಿಗೆ ಇದೆ, ಇನ್ನು ಅದರ ಫೋಟೋ ಯಾಕೆ ಅನ್ನುತ್ತಿದ್ದರು. ಈಗ ವಾಟ್ಸಾಪಿಗೆ ಬೇಕು, ಬೋರ್ಡಿಗೆ ಬೇಕು, ಪ್ಯಾಕೆಟ್ಟಿಗೆ ಬೇಕು. ಬೇಕು ಎಲ್ಲರಿಗೂ, ಫೋಟೋಗ್ರಾಫರನಿಗೆ ಕೊಡುವುದು ಮಾತ್ರ ಯಾರಿಗೂ ಬೇಡ. ಈ ಬೇಕು ಬೇಡಗಳ ನಡುವೆ ನನ್ನ ಅರ್ಧ ಆಯುಷ್ಯ ಕಳೆದಿದೆ.

ಕೆಲಸ ಕಲಿತದ್ದು ನಿಂಬೆಗೆ ಹೆಸರಾದ ಇಂಡಿ ಊರಿನಲ್ಲಿ, ಗುರುಪಾದಪ್ಪ ಎಂಬವರ ಕೈಕೆಳಗೆ. ಒಳ್ಳೆಯ ಮನುಷ್ಯ, ಆದರೆ ಒಂದು ಹುಚ್ಚು. ಫೋಟೋದಲ್ಲಿರುವುದೆಲ್ಲ ಹೊಳೆಯಬೇಕು. ಮದುಮಗಳ ತುಟಿಗೆ ವ್ಯಾಸಲಿನ್, ಮದುಮಗನ ಕೂದಲಿಗೆ ಕೊಬ್ಬರಿ ಎಣ್ಣೆ, ಪಂಚಾಯ್ತಿ ಅಧ್ಯಕ್ಷರ ಬೋಳು ತಲೆಗೂ ಒಮ್ಮೆ ಅದೇ ಎಣ್ಣೆ ಹಚ್ಚಿದ್ದರು. ಹೊಳೆಯದ ಸಾಮಾನು ಸಾಮಾನೇ ಅಲ್ಲ ಅಂತ ನನಗೆ ದಿನಾ ಪಾಠ.

ಒಮ್ಮೆ ಅಲ್ಲಿಯ ನಿಂಬೆಹಣ್ಣಿನ ವ್ಯಾಪಾರಿಯೊಬ್ಬ ಕ್ಯಾಲೆಂಡರಿಗೆ ಹಾಕಲು ತನ್ನ ಹಣ್ಣಿನ ರಾಶಿಯ ಫೋಟೋ ಬೇಕೆಂದ. ಮಾರುಕಟ್ಟೆಗೆ ಹೋದೆವು. ಹರಾಜಿನ ಸವಾಲು ಇನ್ನೂ ಶುರುವಾಗಿರಲಿಲ್ಲ, ವ್ಯಾಪಾರಿ ಚಹಾಕ್ಕೆ ಹೋದ. ಗುರುಪಾದಪ್ಪನವರು ರಾಶಿಯನ್ನು ಸುತ್ತ ನಾಲ್ಕು ಸಲ ನೋಡಿ, ಇದು ಮಂಕಾಗಿದೆ ಅಂದರು. ಬಕೆಟ್ ನೀರು ತರಿಸಿ ಇಡೀ ರಾಶಿಯ ಮೇಲೆ ಕೈಯಾರೆ ಸಿಂಪಡಿಸಿದರು. ಹಣ್ಣು ಏನು ಹೊಳೆದವು ಅಂತೀರಿ! ನಾವು ಫೋಟೋ ಹೊಡೆಯುವಷ್ಟರಲ್ಲಿ ವ್ಯಾಪಾರಿ ಬಂದ. ಒದ್ದೆಯಾದ ನಿಂಬೆ ಕಲೆ ಬಿದ್ದು ಕೊಳೆಯುತ್ತದೆ, ಒದ್ದೆ ರಾಶಿಯ ಹತ್ತಿರ ಯಾವ ಖರೀದಿದಾರನೂ ಸುಳಿಯುವುದಿಲ್ಲ ಎಂಬುದು ಇಂಡಿಯಲ್ಲಿ ಹುಟ್ಟಿ ಬೆಳೆದ ಗುರುಪಾದಪ್ಪನವರಿಗೆ ಗೊತ್ತಿಲ್ಲದ ಮಾತೇನಲ್ಲ. ಆದರೆ ಕ್ಯಾಮೆರಾ ಕೈಗೆ ಬಂದರೆ ಅವರಿಗೆ ಹೊಳಪಿನ ಹೊರತು ಬೇರೇನೂ ನೆನಪಿರುತ್ತಿರಲಿಲ್ಲ. ವ್ಯಾಪಾರಿ ಬೈಯಲಿಲ್ಲ. ತನ್ನ ಟವೆಲ್ಲನ್ನು ಅವರ ಕೈಗೆ ಕೊಟ್ಟು, ನನ್ನ ಕೈಗೊಂದು ಚೀಲದ ತುಂಡು ಕೊಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತ. ಗುರು ಶಿಷ್ಯರಿಬ್ಬರೂ ಒಂದೊಂದೇ ಹಣ್ಣು ಒರೆಸಿದೆವು. ಸವಾಲಿಗೆ ಬಂದವರೆಲ್ಲ ನಿಂತು ನೋಡಿದರು. ಮಾಲೀಕನನ್ನು ಕೇಳದೆ ಅವನ ಮಾಲು ಮುಟ್ಟಬಾರದು ಎಂಬ ಪಾಠ ನನಗೆ ಹೀಗೆ ಬೆರಳ ತುದಿಯಿಂದಲೇ ಆಯಿತು.

ಆಮೇಲೆ ರೀಲು ಹೋಗಿ ಡಿಜಿಟಲ್ ಬಂತು, ಡಿಜಿಟಲ್ಲಿನ ಬೆನ್ನಿಗೆ ನೆಟ್ ಬಂತು. ಫ್ಲೆಕ್ಸ್ ಹೊಡೆಯುವವನ ಹತ್ತಿರ ಹೋಗಿ ಒಂದು ಚೆಂದದ ಚಿತ್ರ ಹಾಕು ಅಂದರೆ ಸಾಕು, ಅವನು ನೆಟ್ಟಿನಿಂದ ಎಳೆದು ಹಾಕುತ್ತಿದ್ದ. ಯಾರ ಚಿತ್ರ, ಯಾವ ದೇಶದ್ದು, ಕೇಳುವವರಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಹೊಟ್ಟೆಯ ಮೇಲೆ ಹೊಡೆತ ಬಿದ್ದದ್ದಕ್ಕೂ ಸಿಟ್ಟು ಅನ್ನಿ, ಸುಳ್ಳು ಯಾಕೆ ಹೇಳಲಿ.

ಮುದ್ದೇಬಿಹಾಳದಲ್ಲಿ ನನ್ನ ಗುರುತಿನ ಟೇಲರ್ ಒಬ್ಬ ಇದ್ದ, ಹೆಂಗಸರ ಬ್ಲೌಸ್ ಹೊಲಿಯುವವನು. ಹೊಸ ಬೋರ್ಡಿಗೆ ನೆಟ್ಟಿನಿಂದ ಒಂದು ಚಿತ್ರ ಹಾಕಿಸಿದ. ಬೆನ್ನು ತಿರುಗಿಸಿ ನಿಂತ ಹೆಣ್ಣುಮಗಳು, ನೀಲಿ ಬ್ಲೌಸು, ಮತ್ತು ಚಿತ್ರದ ತುಂಬ ಓರೆಯಾಗಿ, ತೆಳ್ಳಗೆ, ಇಂಗ್ಲಿಷ್ ಅಕ್ಷರ. ಆ ಅಕ್ಷರ ಏನೆಂದರೆ, ಚಿತ್ರ ಮಾರುವ ಕಂಪನಿಯವರ ಹೆಸರು. ರೊಕ್ಕ ಕೊಟ್ಟವರಿಗೆ ಅಕ್ಷರವಿಲ್ಲದ ಚಿತ್ರ ಕೊಡುತ್ತಾರೆ, ಕೊಡದೆ ಎತ್ತಿಕೊಂಡವರಿಗೆ ಅಕ್ಷರವೂ ಜೊತೆಗೆ ಬರುತ್ತದೆ. ಟೇಲರ್ ಅದನ್ನು ಬಟ್ಟೆಯ ಡಿಸೈನ್ ಅಂದುಕೊಂಡ. ಗಿರಾಕಿಗಳೂ ಹಾಗೇ ಅಂದುಕೊಂಡರು. ಒಬ್ಬಾಕೆ ತನ್ನ ತಂಗಿಯ ಮದುವೆಗೆ ಅದೇ ಬೇಕು, ಅಕ್ಷರ ಇರುವುದೇ ಬೇಕು ಅಂತ ಹಟ ಹಿಡಿದಳು. ಪಾಪ ಅವನು ಸೊಲ್ಲಾಪುರದವರೆಗೆ ಹೋಗಿ ಬಟ್ಟೆ ಹುಡುಕಿದ. ಸಿಗಲಿಲ್ಲ. ಕೊನೆಗೆ ನೀಲಿ ಬಟ್ಟೆ ತಂದು, ಬೋರ್ಡು ನೋಡಿ ನೋಡಿ, ಒಂದಕ್ಷರ ತಪ್ಪದ ಹಾಗೆ ಬೆಳ್ಳಿ ದಾರದಲ್ಲಿ ಕಸೂತಿ ಹಾಕಿಸಿದ.

ಆ ಮದುವೆಯ ಫೋಟೋಗೆ ಹೋದವನು ನಾನೇ. ಅಕ್ಷತೆಯ ಹೊತ್ತಿಗೆ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುತ್ತೇನೆ, ಮದುಮಗಳ ಅಕ್ಕನ ಬೆನ್ನ ಮೇಲೆ ಪರದೇಶದ ಕಂಪನಿಯ ಹೆಸರು ಓರೆಯಾಗಿ ಮಿರಮಿರ ಮಿಂಚುತ್ತಿದೆ. ನಗು ತಡೆಯಲಾರದೆ ಕಂಬದ ಹಿಂದೆ ಹೋಗಿ ನಿಂತೆ. ಮರುದಿನ ಟೇಲರನ ಅಂಗಡಿಗೆ ಹೋಗಿ, ಅದು ಅವರ ಮಾಲಿನ ಗುರುತಪ್ಪಾ, ಕೇಳದೆ ತೆಗೆದುಕೊಳ್ಳುವುದು ಕಳವು ಅಂತ ತಿಳಿಸಿ ಹೇಳಿದೆ. ಅವನು ಸೂಜಿಗೆ ದಾರ ಪೋಣಿಸುತ್ತ ನನ್ನ ಮೇಲೇ ಬೇಜಾರಾದ.

"ಕಳವು ಮಾಡಾವ ಹೆಸರು ಅಳಸ್ತಾನ್ರಿ ಮಾಮಾ. ನಾ ಅವರ ಹೆಸರು ಬೆಳ್ಳಿ ದಾರದಾಗ ಹಾಕ್ಸೇನಿ."

ನಾನು ಅವನ ಕೈಯಲ್ಲೇ ಮೊಬೈಲ್ ಹಿಡಿಸಿ, ಅವನು ಹೊಲಿದ ಒಂದು ಬ್ಲೌಸನ್ನು ಬಾಗಿಲ ಬೆಳಕಿಗೆ ತೂಗುಹಾಕಿ, ಹಿಂದೆ ಬಿಳಿ ಪಂಚೆ ಕಟ್ಟಿ, ಹೀಗೆ ಹೊಡಿ ಅಂತ ತೋರಿಸಿದೆ. ತನ್ನ ಕೈಹೊಲಿಗೆಯ ಫೋಟೋ ತಾನೇ ನೋಡಿ ಅವನ ಮುಖ ಅರಳಿತು. ನೀವು ಕೇಳಬಹುದು, ಅವನಿಗೇ ಕಲಿಸಿದರೆ ನಮ್ಮ ಗತಿ ಏನು ಅಂತ. ದಿನಾ ಬೇಕಾಗುವ ಸಣ್ಣ ಫೋಟೋ ಅವರೇ ಹೊಡೆದುಕೊಳ್ಳಲಿ, ವರ್ಷಕ್ಕೊಮ್ಮೆ ಬೋರ್ಡಿಗೆ ಬೇಕಾದಾಗ ನಿಮ್ಮನ್ನೇ ಕರೆಯುತ್ತಾರೆ. ಕಲಿಸಿದವನನ್ನು ನಮ್ಮ ಕಡೆಯ ಜನ ಅಷ್ಟು ಬೇಗ ಮರೆಯುವುದಿಲ್ಲ. ನೆಟ್ಟಿನದ್ದೇ ಬೇಕೆಂದರೆ ಯಾರು ಬೇಕಾದರೂ ಬಳಸಲಿ ಅಂತ ಮಾಲೀಕರೇ ಬಿಟ್ಟುಕೊಟ್ಟ ಚಿತ್ರಗಳೂ ಅಲ್ಲಿ ಇರುತ್ತವೆ. ಕೆಳಗೆ ಬರೆದ ಕರಾರು ಓದಿ ತೆಗೆದುಕೊಳ್ಳಬೇಕು. ಓದುವುದಕ್ಕೆ ಮಾತ್ರ ನಮ್ಮವರಿಗೆ ಎಲ್ಲಿಲ್ಲದ ಆಲಸ್ಯ.

ಬಸವನ ಬಾಗೇವಾಡಿಯ ಕಟಿಂಗ್ ಅಂಗಡಿಯವನದ್ದು ಇನ್ನೂ ಫಜೀತಿ. ಅವನ ಬೋರ್ಡಿನ ಮೇಲೆ ನೆಟ್ಟಿನಿಂದ ಇಳಿಸಿದ ಒಬ್ಬ ಚೆಂದದ ಹುಡುಗ, ನೀಲಿ ಕಣ್ಣು, ಗೋದಿ ಬಣ್ಣದ ಕೂದಲು. ಇವನು ಯಾರು ಅಂತ ಗಿರಾಕಿಗಳು ಕೇಳಿ ಕೇಳಿ ಅಂಗಡಿಯವನು ಬೇಸತ್ತು, ಒಂದು ದಿನ ಬಾಯಿಗೆ ಬಂದಂತೆ, ನಮ್ಮ ಅಕ್ಕನ ಮಗ, ಪುಣೆಯಲ್ಲಿರುತ್ತಾನೆ ಅಂದುಬಿಟ್ಟ. ಮುಗಿಯಿತು. ಗೊಳಸಂಗಿಯಿಂದ ಅವರದೇ ಪೈಕಿ ಹಿರಿಯರೊಬ್ಬರು ಮಗಳ ಜಾತಕ ಹಿಡಿದುಕೊಂಡು ಬಂದರು. ಹುಡುಗ ಸ್ವಲ್ಪ ಬೆಳ್ಳಗಿದ್ದಾನೆ, ಪರವಾಗಿಲ್ಲ, ಊಟ ತಿಂಡಿಗೆ ಪುಣೆಯಲ್ಲಿ ತೊಂದರೆಯಾಗಿರಬೇಕು ಅಂದರಂತೆ. ಇವನು ಗಡ್ಡ ಮಾಡುವುದನ್ನು ಅರ್ಧಕ್ಕೇ ಬಿಟ್ಟು ನನಗೆ ಫೋನ್ ಮಾಡಿದ, ಹೇಗಾದರೂ ಮಾಡಿ ಬೋರ್ಡು ಬದಲಿಸಿ ಅಂತ.

ಹೋಗಿ ಅವನ ಖಾಯಂ ಗಿರಾಕಿಗಳಲ್ಲಿ ಒಬ್ಬನನ್ನು, ಎಣ್ಣೆ ಗಾಣದಲ್ಲಿ ಕೆಲಸ ಮಾಡುವವನನ್ನು, ಒಪ್ಪಿಸಿ ಕೂರಿಸಿದೆ. ಬೋರ್ಡಿನ ಮೇಲೆ ಮುಖ ಇರುವವರೆಗೆ ಅವನಿಗೆ ಕಟಿಂಗ್ ಪುಕ್ಕಟೆ, ಬೇರೆ ಯಾವುದಕ್ಕೂ ಆ ಫೋಟೋ ಬಳಸುವಂತಿಲ್ಲ ಅಂತ ಇಬ್ಬರ ಬಾಯಿಂದಲೂ ಹೇಳಿಸಿದೆ. ಇದು ನ್ಯಾಯದ ಕರಾರು ಅಂತ ನಾನು ಬೀಗಿದೆ. ಆದರೆ ಆ ಮನುಷ್ಯ ಅವತ್ತಿನಿಂದ ಗಾಣಕ್ಕೆ ಹೋಗುವ ಮೊದಲು ಒಮ್ಮೆ, ಬರುವಾಗ ಒಮ್ಮೆ ಬಂದು ಬೋರ್ಡಿನ ಕೆಳಗಿನ ಬೆಂಚಿನ ಮೇಲೆ ಕೂರಲು ಶುರುಮಾಡಿದ. ಹೋದ ಬಂದವರಿಗೆಲ್ಲ ತಲೆ ಎತ್ತಿ ನೋಡಿ ಅನ್ನುತ್ತಿದ್ದ. ಬೆಂಚು ಖಾಲಿಯಿಲ್ಲ ಅಂತ ಎರಡು ದಿನಕ್ಕೊಮ್ಮೆ ನನಗೆ ಅಂಗಡಿಯವನ ಫೋನು.

ಈಗ ನಮ್ಮ ಓಣಿಯ ವಿಷಯಕ್ಕೆ ಬರುತ್ತೇನೆ. ನಿವೃತ್ತಿಗೆ ಸ್ವಲ್ಪ ಮೊದಲಿನ ಮಾತು. ನನ್ನ ಸ್ಟುಡಿಯೊದ ಎದುರಿಗೆ ಮೋರಟಗಿಯ ಶಾಂತವ್ವ ಒಂದು ಸಣ್ಣ ಖೋಲಿ ಬಾಡಿಗೆಗೆ ಹಿಡಿದು, ತನ್ನೂರಿನ ಇನ್ನೂ ಕೆಲವು ಹೆಂಗಸರನ್ನು ಕಟ್ಟಿಕೊಂಡು ಒಣಗಿಸಿ ಗರಿಗರಿಯಾದ ಜೋಳದ ಕಟಕ ರೊಟ್ಟಿ ಮಾಡುತ್ತಿದ್ದಳು. ಸೊಲ್ಲಾಪುರದ ವ್ಯಾಪಾರಿಯೊಬ್ಬ, ಚೆಂದದ ಫೋಟೋ ಇರುವ ಪ್ಯಾಕೆಟ್ ಮಾಡಿ ಕೊಟ್ಟರೆ ವರ್ಷವಿಡೀ ಮಾಲು ಒಯ್ಯುತ್ತೇನೆ ಅಂದಿದ್ದ. ಶಾಂತವ್ವ ಪ್ರಿಂಟಿಂಗ್ ಅಂಗಡಿಯವನಿಗೆ ಹೇಳಿದಳು, ಅವನು ವಾಡಿಕೆಯಂತೆ ನೆಟ್ಟಿನಿಂದ ಒಂದು ರೊಟ್ಟಿ ಇಳಿಸಿದ. ಅದು ಮೆತ್ತಗಿನ, ಪೂರಿಯಂತೆ ಉಬ್ಬಿದ ಗೋದಿ ಫುಲ್ಕಾ. ಕೊಂಡವರು ಒಡೆದು ನೋಡಿದರೆ ಒಳಗೆ ಕಟಕ ರೊಟ್ಟಿ. ಮಾಲು ಒಣಗಿ ಹೋಗಿದೆ, ಹಳೆಯದು ಕೊಟ್ಟಿದ್ದೀರಿ ಅಂತ ಪ್ಯಾಕೆಟ್ಟೆಲ್ಲ ವಾಪಸ್ ಬಂದವು. ಇನ್ನೊಂದೇ ಅವಕಾಶ ಅಂತ ವ್ಯಾಪಾರಿ ಖಡಾಖಂಡಿತ ಹೇಳಿದ. ಆ ಆರ್ಡರ್ ಹೋದರೆ ಖೋಲಿ ಬಿಡಬೇಕು, ಹೆಂಗಸರೆಲ್ಲ ಮತ್ತೆ ಕಬ್ಬು ಕಡಿಯುವ ಗ್ಯಾಂಗಿಗೆ ಹೋಗಬೇಕು. ಶಾಂತವ್ವನ ಮುಖದಲ್ಲಿ ಕಳೆಯೇ ಇರಲಿಲ್ಲ.

ನನ್ನ ಒಂದು ದಿನದ ಕೂಲಿ ಕೇಳಿ ಅವಳು ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಮೂವರನ್ನು ಕರೆದುಕೊಂಡು ಬಂದಳು. ಬಳೆ ಅಂಗಡಿಯ ಮಾಸಾಬಿ, ಖಾನಾವಳಿಯ ಸಿದ್ದಪ್ಪ, ಚಪ್ಪಲಿ ಅಂಗಡಿಯ ಮಾರುತಿ. ನಾಲ್ವರಿಗೂ ಫೋಟೋ ಬೇಕು, ಒಬ್ಬೊಬ್ಬರಿಗೆ ಇಡೀ ದಿನದ ಕೂಲಿ ಆಗುವುದಿಲ್ಲ.

"ಹೊಲದಾಗ ಮುಯ್ಯಾಳು ಮಾಡಂಗಿಲ್ಲೇನ್ರಿ ಇಮಾಮಣ್ಣ, ಹಂಗಽ ಮಾಡೂಣು" ಅಂದಳು ಶಾಂತವ್ವ.

ಮುಯ್ಯಾಳು ಗೊತ್ತಲ್ಲ? ಕೂಲಿಯವರನ್ನು ಕರೆಯುವ ಶಕ್ತಿ ಇಲ್ಲದವರು ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ ಅಂತ ದುಡಿಯುವುದು. ನಾಲ್ವರೂ ಕೂಡಿ ನನ್ನ ಕೂಲಿ ಕೊಡುವುದು, ಒಬ್ಬರ ಫೋಟೋ ತೆಗೆಯುವಾಗ ಉಳಿದ ಮೂವರು ಕೆಲಸ ಮಾಡುವುದು. ಇಷ್ಟು ವರ್ಷದಲ್ಲಿ ನನ್ನ ತಲೆಗೆ ಹೊಳೆಯದ ದಾರಿ ಇದು. ಒಪ್ಪಿಕೊಂಡೆ, ಆದರೆ ನನ್ನ ಷರತ್ತನ್ನೂ ಗಟ್ಟಿಯಾಗಿ ಹೇಳಿದೆ. ಮೂಲೆಯಲ್ಲಿ ನನ್ನ ಹೆಸರು ಇರಬೇಕು. ಫೋಟೋ ಅವರವರ ಅಂಗಡಿಗೇ ಹೊರತು ಬೇರೆಯವರಿಗೆ ದಾಟಿಸುವಂತಿಲ್ಲ. ಯಾರದೇ ಮುಖ ಮೈ ಬರುವುದಿದ್ದರೆ ಅವರನ್ನು ಕೇಳಿಯೇ ಹಾಕಬೇಕು. ನನ್ನ ಊಟದ ತಾಟಿನ ಮೂಲೆಯಲ್ಲಿ ನಿಮ್ಮ ಹೆಸರು ಯಾಕೆ, ನೀವೇ ಅಡುಗೆ ಮಾಡಿದಿರಿ ಅಂದುಕೊಳ್ಳುತ್ತಾರೆ ಅಂತ ಸಿದ್ದಪ್ಪ ತಕರಾರು ತೆಗೆದ. ಮಾಡಿದವರ ಹೆಸರು ಬೋರ್ಡಿನ ಮೇಲೆ ಇರುತ್ತದೆ ಮಾರಾಯಾ ಅಂತ ಅವನನ್ನು ಸುಮ್ಮನಿರಿಸಿದೆ.

ಆ ದಿನ ಓಣಿಯಲ್ಲಿ ಜಾತ್ರೆಯೇ ಜಾತ್ರೆ. ಮಾರುತಿ ಬಿಳಿ ಪಂಚೆ ಹಿಡಿದು ಬೆಳಕು ತಿರುಗಿಸುತ್ತಿದ್ದ. ಸಿದ್ದಪ್ಪನ ಹಿತ್ತಾಳೆ ತಾಟು ಎಲ್ಲರಿಗೂ ಬೇಕಾಯಿತು. ಮೊದಲು ಅದರಲ್ಲಿ ಊಟ, ಆಮೇಲೆ ಬಳೆ, ಆಮೇಲೆ ರೊಟ್ಟಿ. ಕೊನೆಗೆ ಮಾರುತಿ ಹೊಸ ಕೊಲ್ಲಾಪುರಿ ಚಪ್ಪಲಿಯನ್ನು ಅದೇ ತಾಟಿನಲ್ಲಿಟ್ಟಾಗ ಸಿದ್ದಪ್ಪ ಸೌಟು ಹಿಡಿದುಕೊಂಡೇ ಓಡಿ ಬಂದ. ಮುಯ್ಯಾಳಿನಲ್ಲಿ ನಿನ್ನದು ನನ್ನದು ಇಲ್ಲ ಅಂತ ಮಾರುತಿ ವಾದಿಸಿದ. ಸಿದ್ದಪ್ಪ ತಾಟನ್ನು ಎದೆಗೆ ಅಪ್ಪಿಕೊಂಡು ಒಳಗೆ ಹೋದವನು ಸಂಜೆಯವರೆಗೆ ಹೊರಗೆ ತರಲಿಲ್ಲ.

ರೊಟ್ಟಿಯ ಫೋಟೋಗೆ ಒಂದು ಕೈ ಬೇಕಿತ್ತು. ಬುಟ್ಟಿಯಿಂದ ಮೇಲಿನ ರೊಟ್ಟಿಯನ್ನು ಎತ್ತುವ ಕೈ. ಎತ್ತವ್ವಾ ಅಂದರೆ ಶಾಂತವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನ್ನ ಕೈ ಬ್ಯಾಡ್ರಿ. ಹಂಚಿನ ಬುಡದಂಗ ಆಗೇತಿ. ಮಾಸಾಬಕ್ಕ, ನೀ ಹಿಡಿಯವಾ."

ಮಾಸಾಬಿಯ ಕೈ ಅಂದರೆ ಕೈ. ಐವತ್ತು ದಾಟಿದರೂ ನುಣುಪು, ತುಂಬ ಹಸಿರು ಬಳೆ. ತನ್ನ ಅಂಗಡಿಯ ಬೋರ್ಡೇ ತನ್ನ ಕೈ ಅನ್ನುವ ಹೆಮ್ಮೆ ಬೇರೆ. ಹಿಡಿದಳು, ಹೊಡೆದೆ. ಫೋಟೋ ಬಹಳ ಚೆಂದ ಬಂತು. ಪ್ಯಾಕೆಟ್ಟಾದವು, ವ್ಯಾಪಾರಿ ಒಪ್ಪಿದ, ಮೊದಲ ಮಾಲು ಹೋಯಿತು. ಶಾಂತವ್ವ ಓಣಿಗೆಲ್ಲ ಶೇಂಗಾ ಹಿಂಡಿ ಚಟ್ನಿ ಹಂಚಿದಳು.

ಅಷ್ಟರಲ್ಲಿ ಆ ವ್ಯಾಪಾರಿ ತಾನೇ ಸಿಂದಗಿಗೆ ಬಂದ. ಶಾಂತವ್ವನ ಖೋಲಿ ನೋಡಿ, ಸಿದ್ದಪ್ಪನ ಖಾನಾವಳಿಯಲ್ಲಿ ಊಟಕ್ಕೆ ಕೂತು, ರೊಟ್ಟಿ ಬಡಿಯುವಾಕೆಯ ಕೈ ಎಷ್ಟು ಚೆಂದ, ಪ್ಯಾಕೆಟ್ಟಿನ ಮೇಲಿನದು ತನ್ನದೇ ಅಂತ ಅವಳೇ ಹೇಳಿದಳು ಅಂತ ಹೊಗಳಿದನಂತೆ. ಸಿದ್ದಪ್ಪನ ಹೊಟ್ಟೆಯಲ್ಲಿ ಅನ್ನ ನಿಂತೀತು, ಮಾತು ನಿಲ್ಲುವುದಿಲ್ಲ. ವ್ಯಾಪಾರಿ ಕೈ ತೊಳೆಯುವುದರೊಳಗೆ ಅದು ಬಳೆ ಅಂಗಡಿ ಮುಟ್ಟಿತ್ತು. ಮಾಸಾಬಿ ನೇರವಾಗಿ ನನ್ನ ಸ್ಟುಡಿಯೊಕ್ಕೆ ಬಂದು ನಿಂತಳು.

"ಭಾಯಿ, ನನ್ನ ಕೈ ನನಗ ವಾಪಸ್ ಬೇಕು."

ನಾನು ನಕ್ಕೆ. ಅವಳು ನಗಲಿಲ್ಲ. ಕೈ ನಿನ್ನ ಹತ್ತಿರವೇ ಇದೆಯಲ್ಲವಾ ಅಂದೆ. ಅವಳು ಬಳೆ ತುಂಬಿದ ಕೈಯನ್ನು ನನ್ನ ಮುಖದ ಎದುರಿಗೆ ಹಿಡಿದಳು.

"ನಾ ಮುಯ್ಯಾಳಿಗೆ ಬಂದು ಅಕಿ ಹೊಲದಾಗ ಕಸಾ ತಗದ್ರ, ಆ ಕೈ ಅಕಿದು ಆಗತೈತೇನು? ಕೈ ಕಳಸೇನಿ, ಕೊಟ್ಟಿಲ್ಲ. ಕೇಳಿ ಹಾಕಬೇಕಂತ ನೀವಽ ಹೇಳೀರಿ. ನನ್ನ ಕೇಳಿ ಅಕಿ ಹೆಸರಿಗೆ ಬರದ್ರೇನು?"

ನನ್ನ ಷರತ್ತು ನನ್ನ ಕೊರಳಿಗೇ ಬಂತು. ಅವಳು ಅಷ್ಟಕ್ಕೇ ಬಿಡಲಿಲ್ಲ. ಪ್ರಿಂಟಿಂಗ್ ಅಂಗಡಿಗೆ ಹೋಗಿ, ತನ್ನ ಕೈ ಇರುವ ಒಂದು ಪ್ಯಾಕೆಟ್ಟನ್ನೂ ಇನ್ನು ಛಾಪಿಸಕೂಡದು ಅಂತ ತಾಕೀತು ಮಾಡಿ ಬಂದಳು. ಅತ್ತ ವ್ಯಾಪಾರಿಯ ಗಾಡಿ ಸಂತೆಯ ದಿನ ಸಂಜೆಗೆ ಬರುವುದಿತ್ತು. ಶಾಂತವ್ವನ ಖೋಲಿಯಲ್ಲಿ ರೊಟ್ಟಿ ಬುಟ್ಟಿಗಟ್ಟಲೆ ತಯಾರು, ತುಂಬಲು ಪ್ಯಾಕೆಟ್ಟಿಲ್ಲ. ಸಂತೆಗೆ ಒಂದೇ ದಿನ ಉಳಿದಿತ್ತು.

ನಾನು ಶಾಂತವ್ವನ ಹತ್ತಿರ ಹೋಗಿ ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ, ಏನು ಗರಜು ಇತ್ತು ಆ ಸುಳ್ಳಿಗೆ ಅಂತ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ಬರಿಗೈಯಲ್ಲಿ ತಿರುವಿ ಹಾಕಿ, ಆಮೇಲೆ ಹೇಳಿದಳು.

"ಅವರು ಬಂದು ಕುಂತಾಗಿಂದ ಕೈ ಸೆರಗಿನಾಗಽ ಇಟ್ಟಿದ್ನಿರಿ. ಇಂಥಾ ಕೈಯಾಗಿನ ರೊಟ್ಟಿ ಯಾರು ತಿಂತಾರ ಅಂದಗಿಂದಾರಂತ ಅಂಜಿಕಿ. ಅಷ್ಟರಾಗ ಕೇಳಿದ್ರು, ಹೂಂ ಅಂದೆ."

ಇಡೀ ಊರಿಗೆ ರೊಟ್ಟಿ ಮಾಡಿ ಹಾಕುವ ಕೈ ಹೀಗೆ ಕಳ್ಳನ ಹಾಗೆ ಅಡಗಿ ಕೂತದ್ದು ಕೇಳಿ, ಬೈಯುವುದು ಬಿಟ್ಟು ಉಳಿದವರನ್ನು ಕೂಡಿಸಲು ಎದ್ದೆ.

ಬಳೆ ಅಂಗಡಿಯ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ಶಾಂತವ್ವ ತಪ್ಪಾಯಿತು ಅಂದಳು. ಮಾಸಾಬಿಗೆ ತಪ್ಪು ಬೇಕಿರಲಿಲ್ಲ, ಮುಯ್ಯಿ ಬೇಕಿತ್ತು. ನನ್ನ ಕೈ ಅವಳ ರೊಟ್ಟಿಗೆ ದುಡಿದಿದೆ, ಅವಳ ಕೈ ನನ್ನ ಬಳೆಗೆ ದುಡಿಯಲಿ ಅಂದಳು. ಅವಳ ಕೈಗೆ ಬಳೆ ಇಟ್ಟು ಫೋಟೋ ತೆಗೆಯಿರಿ, ನನ್ನ ಹೊಸ ಬೋರ್ಡಿಗೆ ಹಾಕುತ್ತೇನೆ, ಅಲ್ಲಿಗೆ ಲೆಕ್ಕ ಚುಕ್ತಾ, ಪ್ಯಾಕೆಟ್ ಬೇಕಾದಷ್ಟು ಛಾಪಿಸಿಕೊಳ್ಳಲಿ. ಮಾರುತಿ ಇದು ನ್ಯಾಯ ಅಂದ. ಶಾಂತವ್ವನ ಬಣ್ಣವೇ ಇಳಿಯಿತು. ಸೊಲ್ಲಾಪುರದವನೊಬ್ಬನಿಗೆ ತೋರಿಸಲು ಅಂಜಿದ ಕೈ, ಇನ್ನು ಬಸ್‌ಸ್ಟ್ಯಾಂಡಿನ ಜನಕ್ಕೆಲ್ಲ ಕಾಣಬೇಕು. ಆದರೂ ಬುಟ್ಟಿಯ ರೊಟ್ಟಿ ನೆನಪಾಗಿ ಕಟ್ಟೆ ಹತ್ತಿ ಕೂತಳು.

ಹೇಗಿದ್ದ ಕೈಗೂ ಬಳೆ ಏರಿಸುತ್ತೇನೆ ಎಂಬುದು ಮಾಸಾಬಿಯ ಬಡಾಯಿ. ರೊಟ್ಟಿ ಬಡಿದು ಬಡಿದು ಶಾಂತವ್ವನ ಅಂಗೈ ಅಗಲವಾಗಿ, ಬೆರಳಿನ ಬುಡ ಗಂಟುಗಟ್ಟಿತ್ತು. ಮೊದಲ ಬಳೆ ಅರ್ಧಕ್ಕೇ ಟಕ್ ಅಂತು. ಎರಡನೆಯದೂ ಹೋಯಿತು. ಸಾಬೂನು ಹಚ್ಚಿದರೆ ಹೇಗೆ ಅಂತ ಸಿದ್ದಪ್ಪ ಸಲಹೆ ಕೊಟ್ಟ. ಸಾಬೂನು ಬಳೆ ಇಡಲು ಬಾರದವರಿಗೆ, ನಿನ್ನ ಸಾರಿನ ಪಾತ್ರೆಗೆ ಹಚ್ಚಿಕೋ ಹೋಗು ಅಂದಳು ಮಾಸಾಬಿ. ನಾವೆಲ್ಲ ನಕ್ಕೆವು. ಶಾಂತವ್ವ ಮಾತ್ರ ತಲೆ ತಗ್ಗಿಸಿ ಕೂತಿದ್ದಳು.

ಮಾಸಾಬಿ ಆ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಬೆರಳು ತಿಕ್ಕಿ ಮೆತ್ತಗೆ ಮಾಡಲು ತೊಡಗಿದಳು. ತಿಕ್ಕುತ್ತ ತಿಕ್ಕುತ್ತ ಅವಳ ಸಿಟ್ಟಿನ ಮಾತು ಕಡಿಮೆಯಾಯಿತು. ಹೆಬ್ಬೆರಳಿನ ಬುಡದ ಉದ್ದನೆಯ ಕಲೆ ಹೇಗಾಯಿತು ಅಂತ ಕೇಳಿದಳು. ಮೊದಲ ಬಾಣಂತನ ಮುಗಿಸಿ ಒಲೆಯ ಮುಂದೆ ಕೂತ ದಿನ ನಿದ್ದೆಗಣ್ಣಿನಲ್ಲಿ ಹಂಚು ಹಿಡಿದದ್ದು ಅಂದಳು ಶಾಂತವ್ವ. ಮಣಿಕಟ್ಟಿನ ಮೇಲಿನದು? ಅದು ಈ ಖೋಲಿ ಹಿಡಿದ ಹೊಸತರಲ್ಲಿ, ಹೊಸ ಒಲೆ ಇನ್ನೂ ರೂಢಿಯಾಗದೆ. ಹೀಗೆ ಇಬ್ಬರೂ ಮಾತಿಗೆ ಬಿದ್ದು ನಮ್ಮನ್ನು ಮರೆತೇಬಿಟ್ಟರು. ಆ ಮಾತಿನ ನಡುವೆ ಬಳೆ ಒಂದರ ಹಿಂದೆ ಒಂದು ಏರಿದ್ದು ಶಾಂತವ್ವನಿಗೂ ತಿಳಿಯಲಿಲ್ಲ.

ಬೆಳಕು ಇಳಿಯುವ ಮೊದಲು ನಾನು ಫೋಟೋ ಹೊಡೆಯಬೇಕಿತ್ತು. ಕೈಯನ್ನು ಸುಮ್ಮನೆ ಇಟ್ಟರೆ ಕಟ್ಟಿಗೆಯ ಹಾಗೆ ಸೆಟೆದು ಕೂರುತ್ತಿತ್ತು. ಹೋಗಲಿ, ರೂಢಿ ಇದ್ದದ್ದನ್ನೇ ಮಾಡವ್ವಾ ಅಂತ ಒಂದು ಬುಟ್ಟಿ ರೊಟ್ಟಿ ತರಿಸಿ ಮುಂದಿಟ್ಟೆ. ಕೈ ತಾನಾಗಿ ಸಡಿಲವಾಗಿ ಮೇಲಿನ ರೊಟ್ಟಿಯನ್ನು ಎತ್ತಿತು. ಹೊಡೆದೆ. ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ತೋರಿಸಿದೆ. ಮಾಸಾಬಿ ಅದನ್ನು ಕಣ್ಣಿಗೆ ಹತ್ತಿರ ತಂದು ನೋಡಿದಳು.

"ಈ ಕೈ ನನ್ನ ಬೋರ್ಡಿಗೆ ನಡಿಯೂದಿಲ್ಲ" ಅಂದಳು.

ಶಾಂತವ್ವನ ಕೈ ಬಳೆಯ ಸಮೇತ ಸೆರಗಿನೊಳಗೆ ಹೋಯಿತು. ಮಾಸಾಬಿ ಅದನ್ನು ಹಿಡಿದು ಮತ್ತೆ ಹೊರಗೆ ಎಳೆದಳು.

"ಬಳಿ ಯಾರು ನೋಡ್ತಾರಽ ಇದರಾಗ? ರೊಟ್ಟಿನಽ ಕಾಣತೈತಿ. ಇದು ನಿನ್ನ ಪ್ಯಾಕೆಟ್ಟಿಂದು. ಹಾಕ್ಕೊ. ನನ್ನ ಕೈ ನನಗ ಕೊಡು."

ಶಾಂತವ್ವ ಬೇಡವೇ ಬೇಡ ಅಂದಳು. ವ್ಯಾಪಾರಿ ನೋಡಿದರೆ ಆರ್ಡರೇ ಹೋಗುತ್ತದೆ ಅಂದಳು. ಮಾಸಾಬಿ ಜಗ್ಗಲಿಲ್ಲ. ತನ್ನ ಕೈಯಂತೂ ಇನ್ನು ಸಿಗದು, ಇರುವುದು ಇದೊಂದೇ, ಹಾಕಿದರೆ ಹಾಕು ಬಿಟ್ಟರೆ ಬಿಡು. ನನ್ನ ಮುಖ ನೋಡಿದಳು ಶಾಂತವ್ವ. ನಾನು ಭಂಡತನದಿಂದ, ಷರತ್ತು ಅಂದರೆ ಷರತ್ತು ಅಂದೆ. ಒಳಗೊಳಗೆ ನನಗೂ ಭಯ ಇತ್ತು. ಅವಳ ಹಂಚೇ ತಣ್ಣಗಾದರೆ ನಮ್ಮ ನ್ಯಾಯ ತೆಗೆದುಕೊಂಡು ಏನು ಮಾಡುವುದು?

ಸಂತೆಯ ದಿನ ಬೆಳಿಗ್ಗೆಯೇ ಪ್ರಿಂಟಿಂಗ್ ಅಂಗಡಿಗೆ ಹೋದೆವು. ನಾನು, ಶಾಂತವ್ವ, ಬಿಡದೆ ಬೆನ್ನು ಹತ್ತಿದ ಮಾಸಾಬಿ. ಅಂಗಡಿಯ ಮಾಲೀಕ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಅಯ್ಯೋ ಇದೇನು ಇಷ್ಟು ಕಲೆ, ತಡೆಯಿರಿ, ಒಂದು ನಿಮಿಷದಲ್ಲಿ ನುಣ್ಣಗೆ ಮಾಡುತ್ತೇನೆ ಅಂದ. ಕೇಳುವುದರೊಳಗೆ ಮೌಸ್ ಉಜ್ಜಲು ಶುರುಮಾಡಿದ. ಮಣಿಕಟ್ಟಿನ ಸುಟ್ಟ ಕಲೆ ಮಾಯವಾಯಿತು. ಆಮೇಲೆ ಹೆಬ್ಬೆರಳಿಗೆ ಬಂದ. ಉದ್ದನೆಯ ಕಲೆ ತುದಿಯಿಂದ ಕರಗತೊಡಗಿತು. ನಾನು ಬಾಯಿ ತೆರೆಯಬೇಕೆಂದಿದ್ದೆ, ಮಾಸಾಬಿ ನನ್ನ ಅಂಗಿಯ ತೋಳು ಹಿಡಿದು ತಡೆದಳು.

ಶಾಂತವ್ವ ಪರದೆಯನ್ನೇ ನೋಡುತ್ತಿದ್ದಳು. ಅಲ್ಲಿ ಅವಳ ಕೈ ಯಾರದೋ ಕೈ ಆಗುತ್ತಿತ್ತು. ಅವಳು ಸ್ವಲ್ಪ ಮುಂದೆ ಬಾಗಿದಳು. ಸೆರಗಿನಿಂದ ಕೈ ತೆಗೆದು, ಅಂಗಡಿಯಲ್ಲಿ ನಿಂತಿದ್ದ ಅಷ್ಟು ಗಿರಾಕಿಗಳ ಎದುರಿಗೆ, ಮೇಜಿನ ಮೇಲೆ ಅಂಗಾತ ಅಲ್ಲ, ಬೋರಲಾಗಿ, ಕಲೆ ಕಾಣುವ ಹಾಗೆ ಇಟ್ಟಳು.

"ಅಳಸಬ್ಯಾಡೋ ಯಪ್ಪಾ" ಅಂದಳು. "ಇಲ್ಲಿ ಮಣಿಕಟ್ಟಿನ ಮ್ಯಾಲೆ ಒಂದು ಇತ್ತು ನೋಡು. ಅದನ್ನೂ ತಿರುಗಿ ಹಾಕು."

ಮಾಲೀಕ ಒಮ್ಮೆ ಕೈ ನೋಡಿದ, ಒಮ್ಮೆ ಪರದೆ ನೋಡಿದ. ಎಲ್ಲವನ್ನೂ ಇದ್ದ ಹಾಗೆ ತಿರುಗಿ ತಂದು, ಸರಿಯಾಯಿತೇನವ್ವಾ ಅಂತ ಕೇಳುವವರೆಗೆ ಅವಳು ಮೇಜಿನ ಮೇಲಿನ ಕೈ ತೆಗೆಯಲಿಲ್ಲ.